ಪಂಜರದ ಫಿಂಚ್ ಪಕ್ಷಿಗಳು: ಅವುಗಳ ದಿನಚರಿಯ ಒಂದು ಅಧ್ಯಯನ

ಮನುಷ್ಯನು ಹಕ್ಕಿಗಳನ್ನು ಪಂಜರದಲ್ಲಿಟ್ಟು ಸಾಕುವ ವಾಡಿಕೆ ಬಹು ಪುರಾತನವಾದುದು. ಗಿಳಿಯನ್ನೂ ಗೊರವಂಕವನ್ನೂ ಅವುಗಳ ಮಾತಿಗಾಗಿ ಸಾಕಿದ ಅವನು, ಹಿಡಿಯೊಳಗೆ ಅಡಗುವಷ್ಟು ಸಣ್ಣ ಹಕ್ಕಿಗಳನ್ನು ಕೇವಲ ಬಣ್ಣಕ್ಕೂ ದನಿಗೂ ಮನಸೋತು ಸಾಕಿದನು. ಇಂದು ಕರ್ನಾಟಕದ ಅನೇಕ ಪಟ್ಟಣಗಳ ಮನೆಗಳಲ್ಲಿ, ಕೆಲವು ಶಾಲೆಗಳ ಜಗಲಿಗಳಲ್ಲಿ ಸಹ, ಹೊರನಾಡಿನ ಫಿಂಚ್ ಪಕ್ಷಿಗಳ ಪಂಜರಗಳು ಕಾಣಸಿಗುತ್ತವೆ. ಎರಡು ಬಟ್ಟಲು, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ನೀರು. ಅಡ್ಡಲಾಗಿ ಎರಡು ನಯವಾದ ಕೋಲು. ಅವುಗಳ ಮೇಲೆ ಚಿಲಿಪಿಲಿಗುಟ್ಟುವ ಒಂದು ಜೋಡಿ. ನೋಡುವವರಿಗೆ ಇದು ಸಂತೃಪ್ತಿಯ ಚಿತ್ರ. ಹಕ್ಕಿ ಹಾಡುತ್ತಿದೆ, ಆದುದರಿಂದ ಅದು ಸುಖವಾಗಿದೆ ಎಂದು ಮಕ್ಕಳು ತಿಳಿಯುತ್ತಾರೆ. ಹಿರಿಯರೂ ಹಾಗೆಯೇ ತಿಳಿಯುತ್ತಾರೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದು ಅಗತ್ಯ. ಏಕೆಂದರೆ ಜೀಬ್ರಾ ಫಿಂಚ್ ಜಾತಿಯ ಗಂಡುಹಕ್ಕಿ ಸಂಗಾತಿಯ ಮುಂದೆ ಹಾಡುವಂತೆಯೇ ಏಕಾಂಗಿಯಾಗಿದ್ದಾಗಲೂ ಹಾಡುತ್ತದೆ. ಹಾಡೊಂದನ್ನೇ ಸಾಕ್ಷಿಯಾಗಿ ಹಿಡಿದು ಅದರ ಸುಖದುಃಖವನ್ನು ನಿರ್ಣಯಿಸಲು ಬರುವುದಿಲ್ಲ.

ಫಿಂಚ್ ಎಂಬ ಹೆಸರು ಬಹು ಸಡಿಲವಾದುದು. ಕ್ಯಾನರಿ ಪಕ್ಷಿ ನಿಜವಾದ ಫಿಂಚ್ ಕುಟುಂಬಕ್ಕೆ ಸೇರಿದ್ದು. ಆಸ್ಟ್ರೇಲಿಯದ ಜೀಬ್ರಾ ಫಿಂಚ್, ಜಪಾನಿನಲ್ಲಿ ಸಾಕುಹಕ್ಕಿಯಾಗಿ ರೂಪುಗೊಂಡ ಬೆಂಗಲೀಸ್ ಫಿಂಚ್, ಇಂಡೋನೇಷ್ಯದ ಜಾವಾ ಗುಬ್ಬಿ, ಇವು ಮೂರೂ ಬೇರೊಂದು ಕುಟುಂಬದವು. ಕನ್ನಡ ನಾಡಿನ ಹೊಲಗಳಲ್ಲಿ ತೆನೆಗಟ್ಟಿದ ಬೆಳೆಗೆ ಹಿಂಡುಗಟ್ಟಿ ಎರಗುವ ರಾಟವಾಳಗಳು ಈ ಎರಡನೆಯ ಕುಟುಂಬದ ದಾಯಾದಿಗಳು. ಕೆಂಪು ರಾಟವಾಳವನ್ನು ಹಿಂದಿನ ಕಾಲದಲ್ಲಿ ಹಡಗುಗಳಲ್ಲಿ ತುಂಬಿ ಯುರೋಪಿಗೆ ಸಾಗಿಸುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಬಂದಿರುವ ಅವಡವಾಟ್ ಎಂಬ ಹೆಸರು ಅಹಮದಾಬಾದ್ ಎಂಬ ಊರ ಹೆಸರಿನ ಅಪಭ್ರಂಶ. ಮಾರುಕಟ್ಟೆಯ ಹೆಸರೇ ಹಕ್ಕಿಯ ಹೆಸರಾಗಿ ಉಳಿಯಿತು. ಇಂದು ರಾಟವಾಳಗಳನ್ನಾಗಲಿ ನಾಡಿನ ಬೇರೆ ಯಾವ ಕಾಡುಹಕ್ಕಿಯನ್ನಾಗಲಿ ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದರ ತಿದ್ದುಪಡಿಗಳ ಮೇರೆಗೆ ಅಪರಾಧ. ಆದಕಾರಣ ಇಲ್ಲಿನ ವಿವೇಚನೆಯೆಲ್ಲ ಪಂಜರದಲ್ಲಿಯೇ ಹುಟ್ಟಿ, ಪಂಜರದಲ್ಲಿಯೇ ತಲೆಮಾರುಗಳನ್ನು ಕಳೆದ ಹೊರನಾಡಿನ ಹಕ್ಕಿಗಳನ್ನು, ಅದರಲ್ಲಿಯೂ ಮುಖ್ಯವಾಗಿ ಜೀಬ್ರಾ ಫಿಂಚನ್ನು ಕುರಿತದ್ದು.

ಬಯಲಿನಲ್ಲಿ ಒಂದು ದಿನ

ಪಂಜರದಲ್ಲಿ ಹಕ್ಕಿಗೆ ಏನು ಕೊರತೆಯಾಗಿದೆ ಎಂಬುದನ್ನು ತಿಳಿಯಬೇಕಾದರೆ ಅದು ಬಯಲಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಜೀಬ್ರಾ ಫಿಂಚ್ ಸುಮಾರು 10 ಸೆಂಟಿಮೀಟರ್ ಉದ್ದದ, 12 ಗ್ರಾಂ ತೂಕದ ಹಕ್ಕಿ. ಗಂಡಿನ ಕೆನ್ನೆ ಕಿತ್ತಳೆ ಬಣ್ಣದ್ದು, ಎದೆಯ ಮೇಲೆ ಕಪ್ಪು ಬಿಳುಪಿನ ನವುರಾದ ಗೆರೆಗಳು. ಹೆಣ್ಣು ಬೂದುಬಣ್ಣದ ಸರಳೆ. ಆಸ್ಟ್ರೇಲಿಯ ಖಂಡದ ಒಣ ಒಳನಾಡಿನಲ್ಲಿ ಇವು ಹಿಂಡುಹಿಂಡಾಗಿ ಬಾಳುತ್ತವೆ. ನೆಲದ ಮೇಲೆ ಉದುರಿದ ಹುಲ್ಲಿನ ಬೀಜವೇ ಇವುಗಳ ಆಹಾರ. ದಿನವೊಂದಕ್ಕೆ ಈ ಹಕ್ಕಿ ತಿನ್ನುವ ಕಾಳು ಸುಮಾರು 3 ಗ್ರಾಂ. ನವಣೆಯ ಕಾಳಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಸಾವಿರಕ್ಕೆ ಸಮೀಪದ ಸಂಖ್ಯೆ. ಪ್ರತಿಯೊಂದು ಬೀಜವನ್ನೂ ಮಣ್ಣಿನಲ್ಲಿ, ಕಸಕಡ್ಡಿಯಲ್ಲಿ ಹುಡುಕಬೇಕು, ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಬಿಡಿಸಬೇಕು, ನುಂಗಬೇಕು. ಈ ನಡುವೆ ತಲೆಯೆತ್ತಿ ಗಿಡುಗ ಬಂದಿತೇ ಎಂದು ನೋಡಬೇಕು. ಕುಡಿಯಲು ಹಿಂಡಿನೊಡನೆ ನೀರಿನ ತಾಣಕ್ಕೆ ಹಾರಬೇಕು. ನಡುಹಗಲಿನಲ್ಲಿ ಪೊದೆಯ ನೆರಳಿನಲ್ಲಿ ಒತ್ತಾಗಿ ಕುಳಿತು ಒಂದರ ಕತ್ತಿನ ಗರಿಯನ್ನು ಇನ್ನೊಂದು ಕೊಕ್ಕಿನಿಂದ ಬಾಚುತ್ತದೆ. ಮರಿಮಾಡುವುದಕ್ಕಲ್ಲದೆ ರಾತ್ರಿ ಮಲಗುವುದಕ್ಕೂ ಇವು ಗೂಡು ಹೆಣೆಯುವುದುಂಟು.

ಹೀಗೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದ ದುಡಿಮೆಯ ಬಾಳು ಈ ಹಕ್ಕಿಯದು. ಪಂಜರದ ಬಟ್ಟಲಿನಲ್ಲಿ ಒಂದು ದಿನದ ಆಹಾರವೆಲ್ಲ ಒಂದೆಡೆ ರಾಶಿಬಿದ್ದಿರುತ್ತದೆ. ಸಿಪ್ಪೆ ಬಿಡಿಸುವ ಕೆಲಸವೊಂದನ್ನು ಬಿಟ್ಟರೆ ಹುಡುಕುವ ಕೆಲಸ ಇಲ್ಲವೇ ಇಲ್ಲ. ಉಳಿದ ಹೊತ್ತನ್ನು ಆ ಹಕ್ಕಿ ಹೇಗೆ ಕಳೆಯಬೇಕು? ಪಂಜರದ ಪಕ್ಷಿಪಾಲನೆಯ ಮೂಲಪ್ರಶ್ನೆ ಇದೇ. ರೋಗ, ಆಹಾರ, ಶುಚಿತ್ವಗಳ ಕುರಿತು ಹೇಳುವ ಕೈಪಿಡಿಗಳು ಈ ಪ್ರಶ್ನೆಯನ್ನು ಬಹುಕಾಲ ಎತ್ತಲೇ ಇಲ್ಲ.

ಪ್ರಾಣಿಸಂಗ್ರಹಾಲಯಗಳ ವಿಷಯದಲ್ಲಿ ಇದನ್ನು ಗಂಭೀರವಾಗಿ ಎತ್ತಿದವರಲ್ಲಿ ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಪ್ರಮುಖರು. ಮುಂದೆ ಜ್ಯೂರಿಕ್ ಮೃಗಾಲಯದ ನಿರ್ದೇಶಕರಾದ ಇವರು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೆರೆಯಲ್ಲಿರುವ ಪ್ರಾಣಿಗೆ ಸ್ಥಳದ ವಿಸ್ತಾರಕ್ಕಿಂತಲೂ ಸ್ಥಳದ ಗುಣ ಮುಖ್ಯವೆಂದು ಪ್ರತಿಪಾದಿಸಿದರು. ಪ್ರಾಣಿಯ ಸಹಜ ಪ್ರವೃತ್ತಿಗಳಿಗೆ ಅವಕಾಶವಾಗುವಂತೆ ಅದರ ವಸತಿಯನ್ನು ಸಜ್ಜುಗೊಳಿಸುವ ಈ ಕ್ರಮಕ್ಕೆ ಕನ್ನಡದಲ್ಲಿ 'ಪರಿಸರ ಸಂಪನ್ನತೆ' ಎನ್ನಬಹುದು. ಹೆಸರು ದೊಡ್ಡದಾಯಿತು; ಕೆಲಸ ಮಾತ್ರ ಬಹು ಸಾಮಾನ್ಯವಾದದ್ದು, ಖರ್ಚಿಲ್ಲದ್ದು.

ಕ್ಯಾನರಿಗಳ ಮೇಲಿನ ಒಂದು ಪ್ರಯೋಗ

ಪಂಜರದ ಹಕ್ಕಿಗಳನ್ನು ಗಮನವಿಟ್ಟು ನೋಡಿದವರಿಗೆ ಎರಡು ವಿಚಿತ್ರ ಚೇಷ್ಟೆಗಳು ಕಂಡಿರಬಹುದು. ಹಕ್ಕಿ ಒಂದು ಕೋಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಜಾಲರಿಗೆ, ಮರಳಿ ಮೊದಲಿನ ಕೋಲಿಗೆ, ಅದೇ ಹಾದಿಯಲ್ಲಿ ಅದೇ ಕ್ರಮದಲ್ಲಿ ನೂರಾರು ಸಲ ಸುತ್ತುವುದು ಒಂದು. ತನ್ನ ಮೈಯ ಒಂದು ಭಾಗವನ್ನೋ ಪಂಜರದ ಒಂದೇ ಬಿಂದುವನ್ನೋ ಕೊಕ್ಕಿನಿಂದ ಮತ್ತೆಮತ್ತೆ ಮುಟ್ಟುತ್ತಿರುವುದು ಇನ್ನೊಂದು. ಮಕ್ಕಳು ಇದನ್ನು ಆಟವೆಂದು ತಿಳಿದು ನಗುತ್ತಾರೆ. ಅಮೆರಿಕದ ರೊನಾಲ್ಡ್ ಕೈಪರ್ ಎಂಬ ವಿಜ್ಞಾನಿ ಕ್ಯಾನರಿಗಳಲ್ಲಿ ಈ ಚೇಷ್ಟೆಗಳನ್ನು ಅಭ್ಯಸಿಸಿ 1969ರಲ್ಲಿ ತನ್ನ ನಿರ್ಣಯಗಳನ್ನು ಪ್ರಕಟಿಸಿದನು. ಆತ ಕಂಡದ್ದೇನೆಂದರೆ ಈ ಎರಡಕ್ಕೂ ಕಾರಣ ಒಂದೇ ಅಲ್ಲ. ಹಕ್ಕಿಯನ್ನು ವಿಶಾಲವಾದ ಗೂಡಿಗೆ ಬದಲಾಯಿಸಿದಾಗ, ಅಥವಾ ಸ್ಥಿರವಾದ ಕೋಲುಗಳ ಬದಲು ತೂಗಾಡುವ ಕೋಲುಗಳನ್ನು ಕಟ್ಟಿದಾಗ, ಸುತ್ತುವ ಚೇಷ್ಟೆ ಕಡಿಮೆಯಾಯಿತು. ಕೊಕ್ಕಿನಿಂದ ಮುಟ್ಟುವ ಚೇಷ್ಟೆ ಕಡಿಮೆಯಾದದ್ದು ಆಹಾರಕ್ಕಾಗಿ ಹಕ್ಕಿ ಒಂದಿಷ್ಟು ಶ್ರಮಪಡಬೇಕಾದಾಗ. ಅಂದರೆ ಮೊದಲನೆಯದು ರೆಕ್ಕೆಯ ಕೊರತೆ, ಎರಡನೆಯದು ಕೊಕ್ಕಿನ ಕೊರತೆ.

ಈ ಭೇದವನ್ನು ತಿಳಿಯದೆ, ಸುತ್ತುವ ಹಕ್ಕಿಗೆ ಬಗೆಬಗೆಯ ತಿನಿಸು ಕೊಟ್ಟರೂ ಪ್ರಯೋಜನವಿಲ್ಲ. ಕೊಕ್ಕಿನಿಂದ ಕುಟ್ಟುವ ಹಕ್ಕಿಗೆ ಉಯ್ಯಾಲೆ ಕಟ್ಟಿದರೂ ಪ್ರಯೋಜನವಿಲ್ಲ. ಅಂಗಡಿಗಳಲ್ಲಿ ದೊರೆಯುವ ಗಂಟೆ, ಬಣ್ಣದ ಪ್ಲಾಸ್ಟಿಕ್ ಚಕ್ರ ಮೊದಲಾದ ಆಟಿಕೆಗಳು ಬಹುಮಟ್ಟಿಗೆ ಗಿಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಫಿಂಚ್ ಪಕ್ಷಿ ಗಿಳಿಯಂತೆ ಕಾಲಿನಿಂದ ವಸ್ತುವನ್ನು ಹಿಡಿದು ಕಚ್ಚಿ ಆಡುವುದಿಲ್ಲ. ಕೊಕ್ಕಿನಿಂದ ಜಾಲರಿ ಹಿಡಿದು ಹತ್ತುವುದೂ ಇಲ್ಲ. ಅವುಗಳಿಂದ ಸಂತೋಷವಾಗುವುದು ಕೊಂಡು ತಂದವರಿಗೆ ಮಾತ್ರ.

ಕೊಕ್ಕಿಗೆ ಕೆಲಸ

ಕಷ್ಟಪಡದೆ ದೊರೆಯುವ ಆಹಾರ ಎದುರಿಗಿದ್ದರೂ ಪ್ರಾಣಿ ಕಷ್ಟಪಟ್ಟೇ ಆಹಾರವನ್ನು ಪಡೆಯಲು ಯತ್ನಿಸುತ್ತದೆ ಎಂಬುದು ಸೋಜಿಗದ ಸಂಗತಿ. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬಾತನು ಇಲಿಗಳಲ್ಲಿ ಇದನ್ನು ತೋರಿಸಿದನು. ಬಟ್ಟಲಲ್ಲಿ ಆಹಾರ ಪುಕ್ಕಟೆಯಾಗಿದ್ದಾಗಲೂ ಇಲಿಗಳು ಸನ್ನೆಯನ್ನು ಒತ್ತಿ ಬೀಳಿಸಿದ ಆಹಾರವನ್ನು ತಿನ್ನುತ್ತಿದ್ದವು. ಮುಂದೆ ಹಕ್ಕಿಗಳನ್ನೂ ಒಳಗೊಂಡು ಅನೇಕ ಪ್ರಾಣಿಗಳಲ್ಲಿ ಇದೇ ವರ್ತನೆ ಕಂಡುಬಂದಿದೆ. ಬಾಳುವ ಜೀವಿಗೆ ಅನ್ನವೆಷ್ಟು ಬೇಕೋ ಅನ್ನವನ್ನು ಅರಸುವ ಕ್ರಿಯೆಯೂ ಅಷ್ಟೇ ಬೇಕು ಎಂಬುದನ್ನು ಇದರಿಂದ ಊಹಿಸಬಹುದು.

ಈ ಅಗತ್ಯವನ್ನು ಪೂರೈಸುವುದರಲ್ಲಿ ಕರ್ನಾಟಕದ ರೈತನ ಕಣಕ್ಕಿಂತ ಮಿಗಿಲಾದ ಅಂಗಡಿಯಿಲ್ಲ. ವಿದೇಶಗಳಲ್ಲಿ ಹಕ್ಕಿ ಸಾಕುವವರು ಬೆಲೆಕೊಟ್ಟು ಕೊಳ್ಳುವ ತೆನೆಯ ಗೊಂಚಲು ಬೇರೇನೂ ಅಲ್ಲ, ಬಯಲುಸೀಮೆಯ ನವಣೆಯ ತೆನೆಯೇ. ಅದನ್ನು ಕಾಳು ಬಿಡಿಸದೆ ಇಡಿಯಾಗಿ ಪಂಜರದ ಮೇಲ್ಭಾಗದಿಂದ ದಾರವಿಲ್ಲದೆ, ತಂತಿಯ ಕೊಕ್ಕೆಯೊಂದಕ್ಕೆ ಸಿಕ್ಕಿಸಿ ತೂಗುಬಿಟ್ಟರೆ, ಹಕ್ಕಿ ಆ ತೂಗಾಡುವ ತೆನೆಯ ಮೇಲೆ ಕಾಲೂರಿ, ಸಮತೋಲ ಹಿಡಿದು, ಒಂದೊಂದೇ ಕಾಳನ್ನು ಕಿತ್ತು ತಿನ್ನುತ್ತದೆ. ಕಾಲಿಗೂ ಕೊಕ್ಕಿಗೂ ರೆಕ್ಕೆಗೂ ಏಕಕಾಲದಲ್ಲಿ ಕೆಲಸ. ತೆನೆ ಒಂದೇ ಸ್ಥಳದಲ್ಲಿರದೆ ದಿನಕ್ಕೊಂದು ಸ್ಥಳದಲ್ಲಿದ್ದರೆ ಇನ್ನೂ ಲೇಸು. ಸಾಮೆ, ಬರಗು, ಊದಲುಗಳ ತೆನೆಯನ್ನೂ ಹೀಗೆಯೇ ಕೊಡಬಹುದು. ಔಷಧ ಸಿಂಪಡಿಸಿದ ಬೆಳೆಯ ತೆನೆ ಮಾತ್ರ ಕೂಡದು. ಇನ್ನೊಂದು ಕ್ರಮವೆಂದರೆ ಅಗಲವಾದ ತಟ್ಟೆಯಲ್ಲಿ ತೊಳೆದು ಒಣಗಿಸಿದ ಮರಳನ್ನೂ ಒಣಹುಲ್ಲಿನ ಚೂರನ್ನೂ ಹರಡಿ, ಅದರಲ್ಲಿ ದಿನದ ಕಾಳಿನ ಒಂದು ಪಾಲನ್ನು ಬೆರೆಸಿಡುವುದು. ನೆಲವನ್ನು ಕೆದಕಿ ಹುಡುಕುವ ಮೂಲಸ್ವಭಾವಕ್ಕೆ ಇದು ಅತ್ಯಂತ ಹತ್ತಿರವಾದುದು. ಮಣ್ಣಿನ ಕುಂಡದಲ್ಲಿ ನವಣೆಯನ್ನು ಚೆಲ್ಲಿ ಬೆಳೆಸಿ, ಹಾಲುಗಾಳಿನ ಹಂತದಲ್ಲಿ ಕುಂಡವನ್ನೇ ಗೂಡಿನೊಳಗೆ ಇಟ್ಟರೆ ಹಕ್ಕಿಗಳ ಸಂಭ್ರಮ ನೋಡತಕ್ಕದ್ದು. ಬಯಲಿನ ಜೀಬ್ರಾ ಫಿಂಚ್ ತನ್ನ ಮರಿಗಳಿಗೆ ಮುಖ್ಯವಾಗಿ ಉಣಿಸುವುದೂ ಇಂತಹ ಎಳೆಯ ಬೀಜವನ್ನೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಹಾರವನ್ನೆಲ್ಲ ಅಡಗಿಸಿಡುವುದು ಸಂಪನ್ನತೆಯಲ್ಲ, ಕ್ರೌರ್ಯ. ಇಷ್ಟು ಸಣ್ಣ ಹಕ್ಕಿಯ ಮೈಯಲ್ಲಿ ಸಂಗ್ರಹವೆಂಬುದು ಕಡಿಮೆ. ಒಂದು ದಿನದ ಉಪವಾಸವೂ ಪ್ರಾಣಾಂತಿಕವಾಗಬಹುದು. ಬಟ್ಟಲಿನಲ್ಲಿ ಕಾಳು ಸದಾ ಇರಬೇಕು. ಹುಡುಕಿ ತಿನ್ನುವುದು ಅದರ ಜೊತೆಗಿನದು. ಇದಕ್ಕೆ ಸಂಬಂಧಿಸಿದ ಇನ್ನೊಂದು ಮೋಸವನ್ನು ಹೊಸದಾಗಿ ಸಾಕುವವರು ಅರಿಯರು. ಹಕ್ಕಿ ಸಿಪ್ಪೆಯನ್ನು ಬಟ್ಟಲಿನಲ್ಲಿಯೇ ಉದುರಿಸುವುದರಿಂದ, ತುಂಬಿದಂತೆ ಕಾಣುವ ಬಟ್ಟಲಿನಲ್ಲಿ ಬರಿಯ ಹೊಟ್ಟೇ ಇರಬಹುದು. ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿಗಳು ಹಸಿವಿನಿಂದ ಸತ್ತದ್ದುಂಟು. ಪ್ರತಿದಿನ ಬೆಳಿಗ್ಗೆ ಬಟ್ಟಲನ್ನು ಮೊರದಲ್ಲಿ ಸುರುವಿ ಒಮ್ಮೆ ಕೇರಿದರೆ ಸತ್ಯ ತಾನಾಗಿಯೇ ಹೊರಬೀಳುತ್ತದೆ.

ರೆಕ್ಕೆಗೆ ಅವಕಾಶ

ಫಿಂಚ್ ಪಕ್ಷಿಯ ಹಾರಾಟ ಅಡ್ಡಲಾದುದು, ಮೇಲಕ್ಕೆ ಏರುವಂಥದಲ್ಲ. ಗೋಪುರದಂತೆ ಎತ್ತರವಾಗಿ, ಗುಮ್ಮಟದಂತೆ ದುಂಡಗೆ ಮಾಡಿದ ಅಲಂಕಾರದ ಪಂಜರಗಳು ಈ ಹಕ್ಕಿಗೆ ಅತ್ಯಂತ ಅನರ್ಹವಾದವು. ಒಂದು ಜೋಡಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಹಾಗೂ ಅಷ್ಟೇ ಎತ್ತರದ ಪೆಟ್ಟಿಗೆಯಾಕಾರದ ಗೂಡು ತೀರ ಕನಿಷ್ಠವೆಂದು ಭಾವಿಸಬೇಕು. ಜಗಲಿಯ ಒಂದು ಮೂಲೆಗೆ ಜಾಲರಿ ಬಡಿದು ಮಾಡಿದ ಕೋಣೆ ಅದಕ್ಕಿಂತ ಎಷ್ಟೋ ಮೇಲು. ಸರಳುಗಳ ನಡುವಿನ ಅಂತರ ಅರ್ಧ ಅಂಗುಲವನ್ನು ಮೀರಬಾರದು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣವು, ಚಲನವಲನಕ್ಕೆ ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದನ್ನು ಹಿಂಸೆಯೆಂದೇ ಪರಿಗಣಿಸಿದೆ. ಅಂಗಡಿಗಳಲ್ಲಿ ಜೋಡಿಯ ಜೊತೆಗೆ ಕೊಡುವ ಅಂಗೈಯಗಲದ ಪಂಜರಗಳನ್ನು ಕಂಡಾಗ ಈ ಪ್ರಕರಣವನ್ನು ಓದಿದವರು ಕಡಿಮೆಯೆಂದೇ ತೋರುತ್ತದೆ.

ಕೋಲುಗಳನ್ನು ಗೂಡಿನ ಎರಡು ಕೊನೆಗಳಲ್ಲಿ ಕಟ್ಟಿ ನಡುವೆ ಬಯಲು ಬಿಡಬೇಕು. ನಡುವೆಯೂ ಕೋಲುಗಳಿದ್ದರೆ ಹಕ್ಕಿ ಹಾರುವುದನ್ನು ಬಿಟ್ಟು ಕುಪ್ಪಳಿಸುವುದನ್ನು ಕಲಿಯುತ್ತದೆ. ಒಂದೇ ದಪ್ಪದ ನಯವಾದ ಕೋಲಿನ ಮೇಲೆ ಸದಾ ಕುಳಿತರೆ ಅಂಗಾಲಿನ ಒಂದೇ ಭಾಗಕ್ಕೆ ಒತ್ತಡ ಬಿದ್ದು ಹುಣ್ಣಾಗುತ್ತದೆ. ಪೇರಲ, ದಾಸವಾಳಗಳ ತೊಗಟೆಯುಳ್ಳ ಕೊಂಬೆಗಳು, ಬಿದಿರಿನ ಕಡ್ಡಿಗಳು, ಬೇರೆ ಬೇರೆ ದಪ್ಪದವು, ಕೆಲವು ಬಿಗಿಯಾಗಿಯೂ ಕೆಲವು ತುಸು ತೂಗುವಂತೆಯೂ ಇದ್ದರೆ ಕಾಲಿಗೆ ಆರೋಗ್ಯ. ಕಣಗಿಲೆಯ ಕೊಂಬೆ ವಿಷಕಾರಿ. ಅದನ್ನು ಎಂದೂ ಬಳಸಬಾರದು. ಗೂಡಿನ ಹಿಂಬದಿ ಗೋಡೆಗೆ ತಾಗಿರಬೇಕು, ಒಂದು ಮೂಲೆಯಲ್ಲಿ ಎಲೆಯುಳ್ಳ ಕೊಂಬೆಗಳ ಮರೆ ಇರಬೇಕು. ನಾಲ್ಕೂ ಕಡೆಯಿಂದ ಜನ ನೋಡುವ ಸ್ಥಳದಲ್ಲಿ ತೂಗುಹಾಕಿದ ಹಕ್ಕಿಗೆ ಅಡಗಲು ತಾವಿಲ್ಲ. ಬೇಟೆಗೆ ತುತ್ತಾಗುವ ಜಾತಿಯ ಜೀವಿಗೆ ಅಡಗುತಾಣವಿಲ್ಲದ ಸ್ಥಿತಿ ನಿತ್ಯದ ಭಯ.

ಸಂಗಾತಿ, ಹಿಂಡು, ಹಾಡು

ಪಂಜರವನ್ನು ಎಷ್ಟು ಸಜ್ಜುಗೊಳಿಸಿದರೂ ಒಂಟಿ ಫಿಂಚ್ ಪಕ್ಷಿಯ ಕೊರತೆಯನ್ನು ತುಂಬಲು ಬರುವುದಿಲ್ಲ. ಜೀಬ್ರಾ ಫಿಂಚ್ ಜೋಡಿಗಳ ಬಂಧ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುವಂಥದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯಿಂದ ಅಗಲಿಸಿದ ಹಕ್ಕಿಯ ರಕ್ತದಲ್ಲಿ ಆತಂಕವನ್ನು ಸೂಚಿಸುವ ಚೋದಕದ ಪ್ರಮಾಣ ಏರಿದ್ದೂ, ಅದೇ ಸಂಗಾತಿಯೊಡನೆ ಮತ್ತೆ ಕೂಡಿಸಿದಾಗ ಅದು ಇಳಿದದ್ದೂ ಕಂಡುಬಂದಿತು. ಒಂಟಿ ಹಕ್ಕಿಗೆ ಕನ್ನಡಿ ಕಟ್ಟುವುದು ಕೆಲವರ ರೂಢಿ. ಕನ್ನಡಿಯ ಹಕ್ಕಿ ಕರೆಗೆ ಓಗೊಡುವುದಿಲ್ಲ, ಗರಿ ಬಾಚುವುದಿಲ್ಲ, ಮೈಗೆ ಮೈ ತಾಗಿಸಿ ಮಲಗುವುದಿಲ್ಲ.

ಸಹವಾಸದ ಪ್ರಭಾವ ಮಿದುಳಿನವರೆಗೂ ತಲುಪುತ್ತದೆ. ಪ್ರೌಢ ಹಕ್ಕಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಯೆಂಬುದನ್ನು 1983ರಲ್ಲಿ ಕ್ಯಾನರಿಗಳಲ್ಲಿ ತೋರಿಸಿಕೊಟ್ಟವರು ಗೋಲ್ಡ್‌ಮನ್ ಮತ್ತು ಫರ್ನಾಂಡೊ ನೋಟೆಬಾಮ್. ನೋಟೆಬಾಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಂತೆ, ಒಂಟಿಯಾಗಿ ಅಥವಾ ಜೋಡಿಯಾಗಿ ಇರಿಸಿದ ಜೀಬ್ರಾ ಫಿಂಚ್‌ಗಳಿಗಿಂತ ದೊಡ್ಡ ಹಿಂಡಿಗೆ ಸೇರಿಸಿದವುಗಳಲ್ಲಿ ಇಂತಹ ಹೊಸ ಕೋಶಗಳು ಹೆಚ್ಚಾಗಿ ಉಳಿದುಕೊಂಡವು. ಹಿಂಡಿನಲ್ಲಿ ಯಾರು ಯಾರೆಂಬುದನ್ನು ದನಿಯಿಂದಲೂ ರೂಪದಿಂದಲೂ ಗುರುತಿಟ್ಟುಕೊಳ್ಳಬೇಕಷ್ಟೆ.

ಶಿಕ್ಷಕರಿಗೆ ವಿಶೇಷ ಆಸಕ್ತಿಯ ವಿಷಯ ಹಾಡಿನ ಕಲಿಕೆ. ಈ ಜಾತಿಯಲ್ಲಿ ಹಾಡುವುದು ಗಂಡುಹಕ್ಕಿ ಮಾತ್ರ. ಅದಕ್ಕೆ ಹಾಡು ಹುಟ್ಟಿನಿಂದ ಬರುವುದಲ್ಲ. ಮೊಟ್ಟೆಯೊಡೆದ ಸುಮಾರು 25ನೆಯ ದಿನದಿಂದ ಮೊದಲ್ಗೊಂಡು ಮುಂದಿನ ಕೆಲವು ವಾರಗಳಲ್ಲಿ ತಂದೆಯಿಂದಲೋ ಬೇರೊಂದು ಪ್ರೌಢ ಗಂಡಿನಿಂದಲೋ ಕೇಳಿ, ತೊದಲಿ, ತಿದ್ದಿಕೊಂಡು ಕಲಿಯುತ್ತದೆ. ಸುಮಾರು 90ನೆಯ ದಿನದ ಹೊತ್ತಿಗೆ ಹಾಡು ಗಟ್ಟಿಯಾಗುತ್ತದೆ, ಆ ಮೇಲೆ ಬದಲಾಗುವುದು ವಿರಳ. ಮರಿಗೆ ಕಲಿಸುವಾಗ ಹಿರಿಯ ಹಕ್ಕಿ ತನ್ನ ಹಾಡಿನ ತುಣುಕುಗಳ ನಡುವಿನ ಬಿಡುವನ್ನು ಹೆಚ್ಚಿಸಿ ನಿಧಾನವಾಗಿ ಹಾಡುತ್ತದೆಯೆಂಬುದು 2016ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಯಂತ್ರದಿಂದ ಸುಮ್ಮನೆ ಕೇಳಿಸಿದ ಧ್ವನಿಮುದ್ರಿತ ಹಾಡಿಗಿಂತ ಎದುರಿಗಿರುವ ಜೀವಂತ ಗುರುವಿನಿಂದ ಕಲಿಕೆ ಬಹಳ ಚೆನ್ನಾಗಿ ಆಗುತ್ತದೆ. ಗುರುವೇ ಇಲ್ಲದೆ ಬೆಳೆದ ಗಂಡಿನ ಹಾಡು ಅಡ್ಡಾದಿಡ್ಡಿಯಾದುದು. 2009ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ ಅಂತಹ ಗುರುವಿಲ್ಲದ ಹಕ್ಕಿಯನ್ನೇ ಮರಿಗಳಿಗೆ ಗುರುವಾಗಿಸಿದರು. ಮರಿಗಳು ಕಲಿತವು, ಆದರೆ ಇದ್ದಂತೆಯೇ ಅಲ್ಲ, ತುಸು ತಿದ್ದಿಕೊಂಡು ಕಲಿತವು. ಅವುಗಳಿಂದ ಕಲಿತವು ಇನ್ನಷ್ಟು ತಿದ್ದಿಕೊಂಡವು. ಹೀಗೆ ಮೂರು ನಾಲ್ಕು ತಲೆಮಾರುಗಳಲ್ಲಿ ಆ ವಿಕೃತವಾದ ಹಾಡು ಬಯಲಿನ ಹಕ್ಕಿಗಳ ಹಾಡಿಗೆ ಸಮೀಪವಾಯಿತು. ಶಿಷ್ಯನು ಗುರುವಿನ ತಪ್ಪನ್ನು ತಿದ್ದುತ್ತಾನೆಂಬುದಕ್ಕೆ ಪ್ರಕೃತಿಯಲ್ಲಿಯೇ ನಿದರ್ಶನವಿದ್ದಂತಾಯಿತು. ಸಾಕುವವರಿಗೆ ಇದರಿಂದ ದೊರೆಯುವ ಸೂಚನೆಯೆಂದರೆ, ಮರಿಗಳು ತಾವೇ ತಿನ್ನಲು ಕಲಿತ ಕೂಡಲೇ ಅವನ್ನು ಬೇರ್ಪಡಿಸಿ ಮಾರಬಾರದು. ಕಲಿಕೆಯ ಈ ಅವಧಿ ಮುಗಿಯುವವರೆಗೆ ಹಿರಿಯರೊಡನೆಯೇ ಬಿಡಬೇಕು.

ಬೆಂಗಲೀಸ್ ಫಿಂಚ್ ವಿಷಯವಾಗಿಯೂ ಇಲ್ಲಿ ಒಂದು ಮಾತು ಹೇಳಬಹುದು. ಇದರ ಪೂರ್ವಜ ಸೊಂಟದಲ್ಲಿ ಬಿಳಿ ಪಟ್ಟಿಯುಳ್ಳ ಒಂದು ರಾಟವಾಳ. ಆ ಜಾತಿ ಪಶ್ಚಿಮ ಘಟ್ಟಗಳಲ್ಲಿಯೂ ಉಂಟು. ಜಪಾನಿಗೆ ಹೋದದ್ದು ಚೀನದ ಕಡೆಯ ಹಕ್ಕಿಗಳು. ಸುಮಾರು 250 ವರ್ಷ ಪಂಜರದಲ್ಲಿ ಬೆಳೆದ ಈ ಹಕ್ಕಿಯ ಹಾಡು ಅದರ ಕಾಡಿನ ಪೂರ್ವಜನ ಹಾಡಿಗಿಂತ ಹೆಚ್ಚು ಸಂಕೀರ್ಣವಾದುದೆಂದು ಜಪಾನಿನ ಕಜುವೊ ಒಕನೋಯ ತೋರಿಸಿದ್ದಾರೆ. ಪಂಜರ ಎಲ್ಲವನ್ನೂ ಕುಗ್ಗಿಸುತ್ತದೆ ಎಂಬ ಸರಳ ತೀರ್ಮಾನಕ್ಕೆ ಈ ಹಕ್ಕಿ ಒಪ್ಪುವುದಿಲ್ಲ.

ಗೂಡು ಹೆಣೆಯುವುದು ಫಿಂಚ್ ಪಕ್ಷಿಯ ಅತಿಪ್ರಿಯವಾದ ಉದ್ಯೋಗ. ಗಂಡು ಕಡ್ಡಿಯನ್ನು ತರುತ್ತದೆ. ಯಾವ ಬಣ್ಣದ ಕಡ್ಡಿಯೆಂಬುದರಲ್ಲಿಯೂ ಅದಕ್ಕೆ ಆಯ್ಕೆಯಿದೆ. ಇಷ್ಟವಿಲ್ಲದ ಬಣ್ಣದ ಸಾಮಗ್ರಿಯಿಂದ ಹೆಣೆದ ಗೂಡಿನಲ್ಲಿ ಮರಿಗಳು ಚೆನ್ನಾಗಿ ಬೆಳೆದರೆ ಮುಂದಿನ ಸಲ ಅದೇ ಬಣ್ಣವನ್ನು ಆರಿಸುತ್ತದೆಯೆಂದು 2011ರ ಒಂದು ಅಧ್ಯಯನ ತಿಳಿಸಿತು. ಒಣಹುಲ್ಲು ಹಾಗೂ ಬೆರಳುದ್ದಕ್ಕೆ ಕತ್ತರಿಸಿದ ತೆಂಗಿನ ನಾರು ಇದಕ್ಕೆ ಸಾಕು. ಉದ್ದವಾದ ನೂಲು, ಹತ್ತಿಯ ಎಳೆ, ಗೋಣಿಯ ದಾರ ಕಾಲಿಗೆ ಸುತ್ತಿಕೊಂಡು ಬೆರಳು ಕೊಳೆಯುವಂತೆ ಮಾಡುತ್ತವೆ. ಆದರೆ ಗೂಡಿನ ಸಾಮಗ್ರಿ ವರ್ಷವಿಡೀ ಕೊಡತಕ್ಕ ವಸ್ತುವಲ್ಲ. ಅನುಕೂಲವಿದ್ದಷ್ಟು ಕಾಲವೂ ಈ ಹಕ್ಕಿಗಳು ಒಂದರ ಹಿಂದೆ ಒಂದರಂತೆ ಮೊಟ್ಟೆಯಿಡುತ್ತ ಹೋಗುತ್ತವೆ. ಸುಣ್ಣದಂಶ ಬರಿದಾದ ಹೆಣ್ಣುಹಕ್ಕಿ ಮೊಟ್ಟೆ ಸಿಕ್ಕಿಕೊಂಡು ಸಾಯುತ್ತದೆ. ಸಮುದ್ರನೊರೆಯ ತುಂಡನ್ನು ಗೂಡಿನಲ್ಲಿ ಸದಾ ಕಟ್ಟಿಟ್ಟಿದ್ದರೆ ಸುಣ್ಣದಂಶ ದೊರೆಯುತ್ತದೆಯಾದರೂ, ಎರಡು ಮೂರು ಸಂಸಾರದ ನಂತರ ಗೂಡನ್ನು ತೆಗೆದು ವಿಶ್ರಾಂತಿ ಕೊಡಲೇಬೇಕು. ಇಲ್ಲಿ ಸಂಪನ್ನತೆಗೂ ಸಂಯಮಕ್ಕೂ ನಡುವೆ ಸಾಕುವವರ ವಿವೇಕವೇ ಮಾರ್ಗದರ್ಶಿ.

ಮಿಕ್ಕ ಸಂಗತಿಗಳು ಸರಳವಾದವು. ಬೆಳಗಿನ ಹೊತ್ತು ಬೆರಳಗಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಹಕ್ಕಿಗಳು ಸಾಲಾಗಿ ಮೀಯುತ್ತವೆ. ಎಳೆಬಿಸಿಲು ಬೇಕು, ಕಿಟಕಿಯ ಗಾಜಿನ ಮೂಲಕ ಬಂದದ್ದಲ್ಲ, ನೇರವಾದದ್ದು. ಜೊತೆಗೆ ನೆರಳಿಗೆ ಸರಿಯಲು ಸ್ಥಳವಿರಬೇಕು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಮರುಭೂಮಿಯಿಂದ ಬಂದ ಹಕ್ಕಿಯೆಂಬ ಭರವಸೆ ಸಲ್ಲದು. ಅಲ್ಲಿ ಅದು ತಂಪನ್ನು ಅರಸಿ ಹಾರಿಹೋಗಬಲ್ಲದು, ಇಲ್ಲಿ ಹೋಗಲಾರದು. ರಾತ್ರಿ ಹನ್ನೆರಡು ಗಂಟೆಗಳಷ್ಟು ಕತ್ತಲೆ ಬೇಕು. ಊದುಬತ್ತಿಯ ಹೊಗೆ, ಅಡುಗೆಮನೆಯಲ್ಲಿ ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹಬೆ, ಇವು ಹಕ್ಕಿಯ ಶ್ವಾಸಕೋಶಕ್ಕೆ ಅಪಾಯ. ಎರಡನೆಯದು ನಿಮಿಷಗಳಲ್ಲಿ ಕೊಲ್ಲುತ್ತದೆ. ಬೆಣ್ಣೆಹಣ್ಣು ವಿಷ. ಇರುವೆಗಳು ಮರಿಗಳಿಗೆ ಮುತ್ತದಂತೆ ಗೂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಹೊಸ ವಸ್ತುವನ್ನು ಒಮ್ಮೆಲೇ ಒಳಗಿಡದೆ ಒಂದೆರಡು ದಿನ ಹೊರಗೆ ಕಾಣುವಂತಿರಿಸಬೇಕು. ಇವು ಅಪರಿಚಿತಕ್ಕೆ ಅಂಜುವ ಹಕ್ಕಿಗಳು.

ಸಾಕಬೇಕೇ ಎಂಬ ಪ್ರಶ್ನೆ

ಹಕ್ಕಿಗೆ ಹಾರುವ ಹಕ್ಕಿದೆಯೇ? ಶಬ್ದಗಳ ಸಾಮ್ಯ ಕನ್ನಡದಲ್ಲಿ ಆಕಸ್ಮಿಕವಾದರೂ ಪ್ರಶ್ನೆ ನ್ಯಾಯಾಲಯದವರೆಗೆ ಹೋದುದು. 2015ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಮೂಲಭೂತ ಹಕ್ಕುಂಟೆಂದೂ, ವ್ಯಾಪಾರಕ್ಕಾಗಿ ಅವನ್ನು ಸಣ್ಣ ಪಂಜರಗಳಲ್ಲಿ ಕೂಡಿಹಾಕುವುದು ಸಲ್ಲದೆಂದೂ ಅಭಿಪ್ರಾಯಪಟ್ಟಿತು. ಸಾಕುಪ್ರಾಣಿಗಳ ಅಂಗಡಿಗಳನ್ನು ನಿಯಂತ್ರಿಸಲು 2018ರಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ರಚಿಸಿತು. ಪಂಜರದ ಪಕ್ಷಿಯನ್ನು ಕೊಳ್ಳುವುದೇ ತಪ್ಪು, ಕೊಳ್ಳುವವರಿದ್ದಾಗಲಲ್ಲವೇ ಮಾರುವವರಿರುವುದು ಎಂದು ವಾದಿಸುವವರಿದ್ದಾರೆ. ಅವರ ವಾದ ತಳ್ಳಿಹಾಕುವಂಥದಲ್ಲ. ಹೊಸದಾಗಿ ಹಕ್ಕಿ ತರಬೇಕೆಂದಿರುವ ಶಾಲೆ ತೆರೆದ ಅಂಗಳದಲ್ಲಿ ಕಾಳಿನ ತಟ್ಟೆಯನ್ನೂ ನೀರಿನ ತೊಟ್ಟಿಯನ್ನೂ ಇಟ್ಟು, ತಾವಾಗಿ ಬರುವ ರಾಟವಾಳ, ಗುಬ್ಬಿಗಳನ್ನು ಮಕ್ಕಳಿಗೆ ತೋರಿಸುವುದೇ ಉತ್ತಮ.

ಆದರೆ ಈಗಾಗಲೇ ಪಂಜರದಲ್ಲಿರುವ ಹಕ್ಕಿಯ ಗತಿಯೇನು? ಹಬ್ಬದ ದಿನ, ಪುಣ್ಯತಿಥಿಯ ದಿನ ಪಂಜರದ ಬಾಗಿಲು ತೆರೆದು ಹಾರಿಬಿಟ್ಟು ಪುಣ್ಯ ಬಂದಿತೆಂದು ತಿಳಿಯುವವರುಂಟು. ಪಂಜರದಲ್ಲಿ ತಲೆಮಾರುಗಳನ್ನು ಕಳೆದ ಹೊರನಾಡಿನ ಹಕ್ಕಿಗೆ ಇಲ್ಲಿನ ಕಾಗೆ, ಬೆಕ್ಕು, ಬಿಜ್ಜುಗಗಳ ಪರಿಚಯವಿಲ್ಲ. ನೀರೆಲ್ಲಿ, ಬೀಜವೆಲ್ಲಿ ಎಂಬುದು ತಿಳಿಯದು. ಅದು ಬಿಡುಗಡೆಯಲ್ಲ, ಕೈಬಿಡುವುದು. ಅಪ್ಪಿತಪ್ಪಿ ಬದುಕಿ ವೃದ್ಧಿಯಾದರೆ ನಾಡಿನ ಹಕ್ಕಿಗಳಿಗೆ ಪೈಪೋಟಿ. ಜಾವಾ ಗುಬ್ಬಿ ತನ್ನ ತವರಿನಲ್ಲಿ ಅಳಿವಿನ ಅಂಚಿಗೆ ಬಂದಿದ್ದರೂ, ಪಂಜರದಿಂದ ತಪ್ಪಿಸಿಕೊಂಡು ಬೇರೆ ಹಲವು ದೇಶಗಳಲ್ಲಿ ನೆಲೆಯೂರಿದೆ. ಆದಕಾರಣ ಇರುವ ಹಕ್ಕಿಗಳನ್ನು ಅವುಗಳ ಐದಾರು ವರ್ಷದ ಆಯುಷ್ಯ ತೀರುವವರೆಗೆ ಚೆನ್ನಾಗಿ ಬಾಳಿಸುವ ಹೊಣೆ ಸಾಕಿದವರದೇ. ಶಾಲೆಯ ಪಂಜರಗಳ ವಿಷಯದಲ್ಲಿ ಇನ್ನೂ ಒಂದು ಪ್ರಶ್ನೆ ಉಂಟು: ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಬೆಳಿಗ್ಗೆ ಬಟ್ಟಲಿನ ಹೊಟ್ಟನ್ನು ಕೇರುವವರು ಯಾರು? ಇದಕ್ಕೆ ಒಬ್ಬ ವ್ಯಕ್ತಿಯ ಹೆಸರನ್ನು ಉತ್ತರವಾಗಿ ಕೊಡಲಾರದ ಶಾಲೆ ಹಕ್ಕಿಗಳನ್ನು ಬೇಸಗೆಗೆ ಮುಂಚೆಯೇ ಯೋಗ್ಯ ಮನೆಯೊಂದಕ್ಕೆ ಒಪ್ಪಿಸುವುದು ಲೇಸು.

ಮಾಡಿದ ಬದಲಾವಣೆಯಿಂದ ಹಕ್ಕಿಗೆ ನಿಜವಾಗಿ ಹಿತವಾಯಿತೇ ಎಂಬುದನ್ನು ತಿಳಿಯಲು ವಿದ್ಯಾರ್ಥಿಗಳಿಂದಲೇ ಒಂದು ದಾಖಲೆ ಬರೆಯಿಸಬಹುದು. ಪಂಜರದಿಂದ ಎಂಟು ಹತ್ತು ಅಡಿ ದೂರದಲ್ಲಿ ಸದ್ದಿಲ್ಲದೆ ಕುಳಿತು, ನಿತ್ಯ ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ, ನಿಮಿಷಕ್ಕೊಮ್ಮೆ ಹಕ್ಕಿ ಏನು ಮಾಡುತ್ತಿದೆಯೆಂದು ಗೆರೆ ಹಾಕಿದ ಕಾಗದದಲ್ಲಿ ಗುರುತು ಮಾಡಬೇಕು: ತಿನ್ನುವುದು, ಹುಡುಕುವುದು, ಹಾರುವುದು, ಗರಿ ಬಾಚುವುದು, ಹಾಡುವುದು, ಒಂದೇ ಹಾದಿಯಲ್ಲಿ ಸುತ್ತುವುದು, ಸುಮ್ಮನೆ ಗರಿ ಉಬ್ಬಿಸಿ ಕುಳಿತಿರುವುದು. ಒಂದು ವಾರ ಇದ್ದ ಸ್ಥಿತಿಯಲ್ಲಿಯೇ ಬರೆಯಬೇಕು. ಎರಡನೆಯ ವಾರ ಒಂದೇ ಒಂದು ಬದಲಾವಣೆಯನ್ನು, ಉದಾಹರಣೆಗೆ ತೂಗುಬಿಟ್ಟ ನವಣೆಯ ತೆನೆಯನ್ನು, ಮಾಡಿ ಬರೆಯಬೇಕು. ಮೂರನೆಯ ವಾರ ಅದನ್ನು ತೆಗೆದು ಮತ್ತೆ ಬರೆಯಬೇಕು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಫಲ ಯಾವುದರದೆಂದು ತಿಳಿಯದು. ಮೂರು ವಾರಗಳ ಗುರುತುಗಳನ್ನು ಎಣಿಸಿ ಪಕ್ಕಪಕ್ಕದಲ್ಲಿ ಬರೆದಾಗ, ಸುತ್ತುವ ಮತ್ತು ಸುಮ್ಮನೆ ಕುಳಿತಿರುವ ಸಾಲುಗಳಲ್ಲಿ ಗೆರೆಗಳು ಕಡಿಮೆಯಾಗಿ ಹುಡುಕುವ ಸಾಲಿನಲ್ಲಿ ಹೆಚ್ಚಾಗಿದ್ದರೆ ತೆನೆಯನ್ನು ಮರಳಿ ಕಟ್ಟಿ ಅಲ್ಲಿಯೇ ಬಿಡಬೇಕು. ಹಾಡುವ ಸಾಲಿನಲ್ಲಿ ವ್ಯತ್ಯಾಸ ಕಾಣದೆಯೂ ಇರಬಹುದು.